ಕೂರಲಾಗದ ಡ್ರೈವರ್

ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಲ್ಲಿಸುವ ನಮ್ಮಂಥ ಡ್ರೈವರುಗಳಿಗೆ ಇರುವುದು ಒಂದೇ ಕಾಯಿಲೆ, ಹೀಟು. ಕಣ್ಣು ಉರಿದರೂ ಹೀಟು, ಬಾಯಲ್ಲಿ ಹುಣ್ಣಾದರೂ ಹೀಟು. ನಾನು ಹೊರಮಾವಿನಿಂದ ಮಾರತ್ತಹಳ್ಳಿಗೆ ಕಂಪನಿ ಜನರನ್ನು ಬಿಡುವ ಹಳೇ ವ್ಯಾನ್ ಓಡಿಸುತ್ತಿದ್ದೆ. ಅದರ ಎಂಜಿನ್ ಸೀಟಿನ ಕೆಳಗೇ ಇತ್ತು. ಹಾಗಾಗಿ ಒಂದು ಬೆಳಗ್ಗೆ ಕಕ್ಕಸಿನಲ್ಲಿ ಗಾಜಿನ ಚೂರು ಕೊಯ್ದಂತೆ ನೋವಾಗಿ ರಕ್ತ ಕಂಡಾಗ, ಡಾಕ್ಟರನ್ನು ಹುಡುಕದೆ ಪಕ್ಕದ ಗಾಡಿಯ ಡ್ರೈವರಿಗೆ ಹೇಳಿದೆ. ಶಿವಾಜಿನಗರದವನು, ಸ್ಟೇರಿಂಗ್ ಹಿಡಿದೇ ತಲೆ ನರೆತವನು.

"ಅದು ಮೂಲವ್ಯಾಧಿ ಗುರು. ಎಂಜಿನ್ ಹೀಟೆಲ್ಲ ಕೆಳಗೆ ಇಳ್ದಿದೆ. ಹೊಕ್ಕುಳಿಗೆ ಹರಳೆಣ್ಣೆ ಹಚ್ಕೋ, ಸೀಟ್ ಮೇಲೆ ಒದ್ದೆ ಗೋಣಿ ಹಾಕ್ಕೋ."

ಎರಡನ್ನೂ ಮಾಡಿದೆ. ಪ್ಯಾಂಟು ನೆನೆದಿರುತ್ತಿತ್ತು, ನಾನು ಗಾಡಿಯಿಂದ ಇಳಿದರೆ ಕಂಪನಿಯ ಹೆಣ್ಣುಮಕ್ಕಳು ಮುಖ ತಿರುಗಿಸುತ್ತಿದ್ದರು. ನೀರು ಕುಡಿಯುತ್ತಿರಲಿಲ್ಲ, ಆ ಟ್ರಾಫಿಕ್ಕಿನಲ್ಲಿ ಇಳಿದು ಹೋಗಲು ಶೌಚಾಲಯ ಎಲ್ಲಿದೆ? ನೋವಿಗೆ ಹೆದರಿ ಬೆಳಗಿನ ಕೆಲಸವನ್ನೂ ತಡೆದುಕೊಳ್ಳುತ್ತಿದ್ದೆ. ತಡೆದಷ್ಟೂ ಗಟ್ಟಿಯಾಗಿ ಮತ್ತೆ ಅಲ್ಲೇ ಕೊಯ್ಯುತ್ತಿತ್ತು. ಹೆಂಡತಿ ಬಾಗಿಲಾಚೆ ನಿಂತು, "ಆಸ್ಪತ್ರೆಗೆ ಹೋಗೋಣ ಬನ್ರೀ" ಎಂದರೆ ಅವಳ ಮೇಲೇ ರೇಗುತ್ತಿದ್ದೆ. ಅಲ್ಲಿ ಪ್ಯಾಂಟು ಬಿಚ್ಚಿ ತೋರಿಸುವವರು ಯಾರು?

ಕೊನೆಗೆ ಆ ನೋವಿನ ಜಾಗದ ಪಕ್ಕದಲ್ಲೇ ಗಡ್ಡೆ ಎದ್ದು, ಜ್ವರ ಬಂದು, ಕೀವು ಸೋರತೊಡಗಿತು. ಹಲಸೂರಿನ ಒಂದು ನರ್ಸಿಂಗ್ ಹೋಮಿಗೆ ಹೆಂಡತಿಯೇ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಪರೀಕ್ಷಿಸಿ, ನನ್ನ ಕಥೆಯನ್ನೆಲ್ಲ ಕೇಳಿದರು.

"ಮೂಲವ್ಯಾಧಿಯಲ್ಲಿ ರಕ್ತ ಬರುತ್ತೆ, ಸಾಮಾನ್ಯವಾಗಿ ಇಷ್ಟು ನೋವಿರಲ್ಲ. ನಿಮ್ಗೆ ಮೊದ್ಲು ಆಗಿದ್ದು ಸೀಳು, ಫಿಶರ್ ಅಂತೀವಿ. ಆಗ್ಲೇ ಬಂದಿದ್ರೆ ನೀರು, ಸೊಪ್ಪು, ಮುಲಾಮು, ಬಿಸಿನೀರಿನ ಟಬ್ಬಲ್ಲಿ ಕೂರೋದು, ಇಷ್ಟರಲ್ಲೇ ಬಹುಶಃ ವಾಸಿ ಆಗ್ತಿತ್ತು. ಈಗ ಕೀವು ಒಳಗಿಂದ ದಾರಿ ಮಾಡ್ಕೊಂಡಿದೆ. ಇದು ಭಗಂದರ, ಕೊಯ್ಯಲೇಬೇಕು."

ಬಿಸಿನೀರಂತೆ! ನಾನು ಗೋಣಿ ನೆನೆಸಿ ನೆನೆಸಿ ತಂಪು ಮಾಡಿಕೊಂಡು ಕೂತಿದ್ದೆ.

ಆಪರೇಷನ್ ಆಯಿತು. ಗಾಯ ಮಾಯುತ್ತಿದೆ ಎನ್ನುವಷ್ಟರಲ್ಲಿ ಮತ್ತೆ ಸೋರಿತು, ಮತ್ತೆ ಕೊಯ್ದರು. ಈಗ ಊಟವನ್ನೂ ನಿಂತೇ ಮಾಡುತ್ತೇನೆ. ಕೂರಲಾಗದ ಡ್ರೈವರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಬೇರೆ ಕೆಲಸ ನನಗೆ ಬರುವುದಿಲ್ಲ. ಬೆಳಗಾದರೆ ಯಾಕಾದರೂ ಎಚ್ಚರವಾಯಿತೋ ಅನ್ನಿಸುತ್ತದೆ.

ಕಳೆದ ವಾರ ವ್ಯಾನ್ ಮಾಲೀಕರು ಕರೆಸಿದ್ದರು. "ಪೂರ್ತಿ ಹುಷಾರಾಗಿದೀನಿ ಸಾರ್, ಸೋಮವಾರದಿಂದ ಬರ್ತೀನಿ" ಎಂದೆ. ಅವರು ಕುರ್ಚಿ ತೋರಿಸಿದರು. ಕೂತೆ. ಅವರೂ ಒಂದು ಕಾಲದಲ್ಲಿ ಗಾಡಿ ಓಡಿಸಿದವರೇ. ಟೀ ತರಿಸಿ, ಮೆಟ್ರೋ ಕೆಲಸದ ಧೂಳು, ಡೀಸೆಲ್ ಬೆಲೆ ಎಂದು ಮಾತು ಬೆಳೆಸುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಗುತ್ತ ಹೂಂಗುಟ್ಟುತ್ತಿದ್ದೆ. ಹಣೆಯ ಬೆವರು ಟೀ ಲೋಟಕ್ಕೆ ತೊಟ್ಟಿಕ್ಕಿತು.

"ಸಾಕು, ಎದ್ದೇಳಪ್ಪಾ" ಎಂದರು ಮೆಲ್ಲಗೆ.

ಎದ್ದರೆ ಕೆಲಸ ಹೋಯಿತೆಂದು ಗೊತ್ತಿತ್ತು. ಇನ್ನೊಂದು ಗಳಿಗೆ ಕೂರಲು ಹೆಣಗಿದೆ. ಆಗಲಿಲ್ಲ, ಎದ್ದುಬಿಟ್ಟೆ. ಎದ್ದ ಕೂಡಲೇ ಹಾಯೆನಿಸಿತು. ಅನ್ನ ಕಳೆದುಕೊಂಡ ಹೊತ್ತಿನಲ್ಲಿ ಹಾಯೆನಿಸಿತಲ್ಲ ಎಂದು ಅವರೆದುರೇ ಅತ್ತುಬಿಟ್ಟೆ.