ಕಟ್ಟು ಬಸಿದ ಮೇಲೆ ಉಳಿದ ಕಾಳು

ನಮ್ಮ ಕಡೆ ಹುರಳಿ ಬೇಯಿಸಿದರೆ ನೀರು ಮನುಷ್ಯರಿಗೆ, ಕಾಳು ದನಕ್ಕೆ. ಬೆಂದ ನೀರೇ ಕಟ್ಟು; ಅದನ್ನು ಬಸಿದು ಹುಣಸೆಹಣ್ಣು, ಖಾರ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಕಟ್ಟಿನ ಸಾರು. ನನ್ನ ಅತ್ತೆ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಸತ್ವವೆಲ್ಲ ನೀರಿಗೆ ಬಂತು, ಉಳಿದದ್ದು ಬರೀ ಸಿಪ್ಪೆ ಅಂತ ಎಲ್ಲರೂ ನಂಬಿದ್ದೆವು. ಮನೆಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಬೆಂದ ಕಾಳು ತಿನ್ನುವವರಿಲ್ಲದೆ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ಈರುಳ್ಳಿ ಹಾಕಿ ಪಲ್ಯ ಮಾಡಿದೆ. ಅವತ್ತಿನಿಂದ ತಿನ್ನುತ್ತಿದ್ದೇನೆ.

ನಮ್ಮದು ಶಿಕಾರಿಪುರ. ಮಗಳನ್ನು ಸೊರಬದ ಕಡೆಗೆ ಕೊಟ್ಟಿದ್ದೇವೆ. ಹೋದ ಚಳಿಗಾಲದಲ್ಲಿ ಅವಳು ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಬರುವಾಗ ಕಣ್ಣು ಕತ್ತಲೆ ಬಂದು ಬಿದ್ದಳು. ಡಾಕ್ಟರು ರಕ್ತ ಕಡಿಮೆ ಇದೆ ಎಂದರು. ಮಾತ್ರೆ ಬರೆದುಕೊಟ್ಟು, ಸೊಪ್ಪು, ಕಾಳು ಚೆನ್ನಾಗಿ ತಿನ್ನಬೇಕು ಎಂದರು. ಮೊಟ್ಟೆ, ಮಾಂಸ ನಮ್ಮಲ್ಲಿ ಇಲ್ಲ. ಅಂದಮೇಲೆ ಕಾಳೇ ಗತಿ. ಫೋನಿನಲ್ಲಿ ಕೇಳಿದರೆ "ತಿಂತೀನವ್ವ" ಎನ್ನುತ್ತಿದ್ದಳು. ದನಿ ನಂಬುವ ಹಾಗಿರಲಿಲ್ಲ. ಬಸ್ ಹತ್ತಿದೆ.

ಬೀಗಿತ್ತಿ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೋದಾಗ ಒಲೆಯ ಮೇಲೆ ಹುರಳಿ ಬೇಯುತ್ತಿತ್ತು. ಬಸಿದು ಸಾರು ಮಾಡಿ, ಗಟ್ಟಿ ಕಟ್ಟನ್ನೆಲ್ಲ ಸೊಸೆಯ ಬಟ್ಟಲಿಗೇ ಹಾಕಿದರು. ತಮ್ಮ ಗಂಡನಿಗೂ ಅಷ್ಟು ಹಾಕಲಿಲ್ಲ. ಆಮೇಲೆ ಬೆಂದ ಕಾಳಿನ ಪಾತ್ರೆ ಎತ್ತಿಕೊಂಡು ಕೊಟ್ಟಿಗೆ ಕಡೆ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅದನ್ನ ಎಲ್ಲಿಗ್ ಒಯ್ತೀರಿ?"

"ಹಸುವಿಗೆ. ಇನ್ನೆಂತಕ್ಕೆ?"

"ನನ್ ಮಗಳಿಗ್ ಹಾಕ್ರಿ."

ಬೀಗಿತ್ತಿಗೆ ನಗು ಬಂತು. "ಎಂತ ಮಾರಾಯ್ರೆ ನೀವು! ದನದ ಬಾಯಿಂದು ಕಿತ್ತು ಸೊಸೆಗೆ ಹಾಕಿದ್ರು ಅಂತ ಊರವ್ರು ಆಡ್ಕೊಳ್ದಾ? ಸತ್ವ ಪೂರಾ ಅವಳ ಬಟ್ಲಲ್ಲೇ ಇದೆ ನೋಡಿ."

"ಸತ್ವ ನೀರಾಗಿದ್ರೆ ನಿಮ್ ಆಕಳು ಯಾಕ್ರೀ ಹಂಗ್ ಮಿಂಚ್ತೈತಿ? ನಿಮ್ ಸೊಸಿ ಯಾಕ್ ಹಿಂಗ್ ಬಿಳಚ್ಕೊಂಡಾಳ? ನಮ್ ಎತ್ತೂ ಕಾಳ್ ತಿಂದು ಹೊಲ ಉಳ್ತಿದ್ವು. ಕಟ್ ಕುಡದ್ ನಾವು ಸಂಜಿಗೆ ಕಾಲ್ ಒತ್ಕೊಂತ ಕೂರ್ತಿದ್ವಿ."

ಬೀಗಿತ್ತಿ ಪಾತ್ರೆ ಕೆಳಗಿಟ್ಟರು. ಆದರೆ ಸೋಲಲಿಲ್ಲ.

"ವಾಯು ಆಗ್ತದೆ. ಇವಳು ಹೊಟ್ಟೆ ಉಬ್ಬರಿಸ್ಕೊಂಡು ಕೂತ್ರೆ ಬೆನ್ನು ತಿಕ್ಕೋಕೆ ನೀವು ಬರ್ತೀರಾ?"

"ಬರ್ತೀನ್ರೀ. ಬಸ್ ಐತಿ."

ಬರುವುದೇನು, ಅಲ್ಲೇ ಉಳಿದೆ. ವಾಯು ಆಗುವುದು ಸುಳ್ಳಲ್ಲ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಕೈಯಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಬೇಕು. ಜೀರಿಗೆ, ಬೆಳ್ಳುಳ್ಳಿ ಬಿಡಬಾರದು. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ಮೊದಮೊದಲು ಒಂದು ಹಿಡಿ ಸಾಕು. ಒಮ್ಮೆಗೇ ತಟ್ಟೆ ತುಂಬ ತಿಂದು ಹೊಟ್ಟೆ ಹಿಡಿದುಕೊಂಡು ಕಾಳನ್ನು ಬೈಯುವವರನ್ನು ಕಂಡಿದ್ದೇನೆ. ಹುರಳಿ ಬೇಜಾರಾದರೆ ಹೆಸರುಕಾಳು ಇದೆ, ಅಲಸಂದೆ ಇದೆ, ಕಡಲೆ ಇದೆ. ತಿನ್ನದೆ ಇರಲು ನೆಪ ಬೇಕಾದವರಿಗೆ ಮಾತ್ರ ಕಷ್ಟ.

ಮೊಳಕೆ ಬಂದ ದಿನ ಉಸುಳಿ ಮಾಡಿದೆ. ಬೀಗಿತ್ತಿ ಅದನ್ನು ನನ್ನ ಮಗಳ ತಟ್ಟೆಗೆ ಮಾತ್ರ ಹಾಕಹೊರಟರು. ನಾನು ಸೌಟು ಕಿತ್ತುಕೊಂಡೆ. ಅವಳೊಬ್ಬಳಿಗೇ ಹಾಕಿದರೆ ಅದು ಔಷಧಿಯಾಗುತ್ತದೆ. ಔಷಧಿಯನ್ನು ಯಾರೂ ಬಹಳ ದಿನ ತಿನ್ನುವುದಿಲ್ಲ. ಎಲ್ಲರ ತಟ್ಟೆಗೂ ಹಾಕಿದೆ. ಬೀಗರು ಅದನ್ನು ಬೆರಳಿನಿಂದ ಅಂಚಿಗೆ ತಳ್ಳಿದರು.

"ನಾ ಎಂತ ಎತ್ತಾ?"

"ಎತ್ತಾಗಿದ್ರೆ ಇಷ್ಟೊತ್ತಿಗೆ ಗದ್ದ್ಯಾಗ್ ಇರ್ತಿದ್ರಿ. ತಿನ್ರಿ ಬೀಗ್ರೆ."

ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಾ ಮದುವೆ ಆದಾಗಿಂದ ಹೇಳ್ಬೇಕು ಅಂತಿದ್ದ ಮಾತು, ನೀವು ಹೇಳಿದ್ರಿ" ಎಂದು ತಾವೂ ಕೂತು ಹಾಕಿಸಿಕೊಂಡರು. ಬೀಗರು ಅಂಚಿಗೆ ತಳ್ಳಿದ್ದನ್ನು ಎಳೆದುಕೊಂಡು ತಿಂದರು. ಅದನ್ನು ನೋಡಿಯೇ ಮಗಳು ಕೈ ಹಾಕಿದ್ದು. ಅಷ್ಟು ಹೊತ್ತು ಅತ್ತೆ ಮಾವನ ಮುಖ ನೋಡುತ್ತ ಕೂತಿದ್ದಳು.

ನಾನು ಊರಿಗೆ ಬಂದ ಮೇಲೆ ಒಂದು ದಿನ ಬೀಗಿತ್ತಿಯದೇ ಫೋನು.

"ಹಸು ಹಾಲು ಕಡಿಮೆ ಮಾಡಿದೆ ಮಾರಾಯ್ರೆ. ಕಾಳು ತಪ್ಪಿದ್ದಕ್ಕೆ ಸಿಟ್ಟು. ಇವತ್ತೊಂದಿನ ಅದಕ್ಕೇ ಹಾಕ್ಲಾ?"

"ಆಕಳಿಗೆ ಬ್ಯಾರೆ ಬೇಯ್ಸ್ರಿ. ಅವಳ ಪಾಲು ಮುಟ್ಟಬ್ಯಾಡ್ರಿ."

ಫೋನು ಇಡದೆಯೇ ಅವರು ಒಳಗೆ ಕೂಗಿದ್ದು ನನಗೂ ಕೇಳಿತು: "ಏ ಹುಡುಗಿ, ದೊಡ್ಡ ಪಾತ್ರೆ ತಗಾ. ಹಸೂಗೂ ಸೇರಿಸಿ ನೆನೆಹಾಕು."

ಮಗಳ ತಲೆಸುತ್ತು ಇನ್ನೂ ಪೂರ್ತಿ ನಿಂತಿಲ್ಲ. ಮಾತ್ರೆ ನಡೆದಿದೆ, ಕಾಳೂ ನಡೆದಿದೆ. ಈಗ ನಾನು ಫೋನಿನಲ್ಲಿ ಹೇಗಿದ್ದೀಯ ಎಂದು ಕೇಳುವುದಿಲ್ಲ, ಇವತ್ತು ಯಾವ ಕಾಳು ಎಂದು ಕೇಳುತ್ತೇನೆ. ತಡವರಿಸಿದಳೋ, ಬಸ್ ಹತ್ತುತ್ತೇನೆ.