ತಪ್ಪಲೆಯ ಪಕ್ಕ ನಿಲ್ಲುವ ನಾಗವೇಣಿ

ಅಹಮದಾಬಾದಿನ ಬೋಡಕ್‌ದೇವ್‌ ಬಡಾವಣೆಗೆ ಇನ್ನೂ ಬೆಳಕು ಹರಿದಿಲ್ಲ. ನಾಗವೇಣಿಯವರ ಅಡುಗೆಮನೆಯಲ್ಲಿ ಮಾತ್ರ ಶುಂಠಿ, ಕಾಳುಮೆಣಸು, ಚಕ್ಕೆಗಳು ಬೆಲ್ಲದ ನೀರಿನಲ್ಲಿ ಕುದಿಯುತ್ತಿವೆ. ಒಲೆ ಆರಿಸಿ, ನೆನೆಹಾಕಿದ್ದ ಪುನರ್ಪುಳಿ ಹಣ್ಣಿನ ಸಿಪ್ಪೆಯ ಹುಳಿಯಾದ ಕೆಂಪು ರಸ ಸುರಿಯುತ್ತಾರೆ. ಕೊನೆಗೆ ಸೋಸಿದ ಪೇರಳೆಯ, ಅಂದರೆ ಸೀಬೆಹಣ್ಣಿನ, ತಿರುಳು. ಆಮೇಲೆ ತಪ್ಪಲೆಗೆ ಬೆಂಕಿ ತೋರಿಸುವಂತಿಲ್ಲ. ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಕೂರಿಸಿ, ಬಡಿಸುವವರೆಗೂ ಸೌಟು ಆಡಿಸುತ್ತಲೇ ಇರಬೇಕು. "ಪೇರಳೆ ಬೆಂಕಿ ಕಂಡ್ರೆ ಘಮ ಓಡಿಹೋಗ್ತದೆ. ಹಸುಗೂಸಿಗೆ ನೀರು ಹಾಕುವಾಗ ಇರ್ತದಲ್ಲ, ಅಷ್ಟೇ ಬಿಸಿ ಸಾಕು."

ಕುಂದಾಪುರದ ಕಡೆಯ ನಾಗವೇಣಿ ಈ ಊರಿಗೆ ಬಂದದ್ದು ಉಡುಪಿ ಹೋಟೆಲೊಂದರ ಅಡುಗೆಯವರಾಗಿದ್ದ ಗಣಪತಿಯವರ ಕೈಹಿಡಿದು. ಅವರು ತೀರಿಕೊಂಡ ಮೇಲೆ ಈ ತಪ್ಪಲೆಯೇ ಸಂಸಾರ ಎಳೆದಿದೆ. ಚಳಿಗಾಲದಲ್ಲಿ ವಸ್ತ್ರಾಪುರ ಕೆರೆಯ ಸುತ್ತ ನಡೆಯುವವರಿಗೆ ಈ ಬಿಸಿ ರಸವನ್ನು ದಿನಕ್ಕೆ ನೂರು ಲೋಟ ಹೊಯ್ದು ಮಾರುತ್ತಾರೆ. "ವೇಣಿಬೆನ್, ಜರಾ ತೀಖು!" ಎಂದು ಖಾರ ಹೆಚ್ಚು ಕೇಳುವ ಗುಜರಾತಿ ಅಜ್ಜಂದಿರು ಯಾರೂ ಇವರ ಕುಂಕುಮವಿಲ್ಲದ ಹಣೆ ನೋಡಿ ಲೋಟ ಹಿಡಿಯುವುದಿಲ್ಲ.

ಹಣೆ ನೋಡುವವರು ತಮ್ಮವರೇ. ಸಂಕ್ರಾಂತಿಯ ಬೆಳಿಗ್ಗೆ ಕನ್ನಡದ ಕುಟುಂಬಗಳು ರಮಾಮಣಿಯವರ ತಾರಸಿಯಲ್ಲಿ ಸೇರುತ್ತವೆ. ಹೋದ ವರ್ಷ ರಮಾಮಣಿ ಹೇಳಿದ್ದರು: "ಬೇಜಾರ್ ಮಾಡ್ಕೋಬೇಡಿ ನಾಗವೇಣಿ. ಮುತ್ತೈದೆಯರು ಎಳ್ಳು ಬೀರೋ ಜಾಗ. ಪಾತ್ರೆ ಕಳಿಸ್ಬಿಡಿ, ನಾವೇ ಹಂಚ್ಕೋತೀವಿ." ನಾಗವೇಣಿ ಕಳಿಸಿದರು. ಅಲ್ಲಿ ಯಾರೋ ಗ್ಯಾಸಿನ ಮೇಲಿಟ್ಟು ಕೊತಕೊತ ಕುದಿಸಿದರು. ತಿರುಳು ತಳ ಹಿಡಿಯಿತು. ಸೀದ ರಸ ಕುಡಿದವರೆಲ್ಲ ನಾಗವೇಣಿಯ ಕೈ ಕೆಟ್ಟಿತು ಎಂದರು.

"ನಾನು ಬರುವುದು ಬೇಡ ಅಂತ ಅವರು ಅಂದದ್ದನ್ನು ನುಂಗಿಕೊಂಡೆ. ನನ್ನ ಕೈಯನ್ನು ಹಳಿದದ್ದು ಇನ್ನೂ ಗಂಟಲಲ್ಲೇ ಉಂಟು" ಎನ್ನುತ್ತಾರೆ.

ಹಾಗಾಗಿ ಈ ಸಲ ರಮಾಮಣಿಯವರ ಫೋನ್ ಬಂದಾಗ ಉತ್ತರ ಸಿದ್ಧವಿತ್ತು: "ಪಾತ್ರೆಯ ಜೊತೆ ನಾನೂ ಬರ್ತೇನೆ. ಇಲ್ಲದಿದ್ರೆ ಪಾತ್ರೆಯೂ ಇಲ್ಲ."

ಇಲ್ಲೇ ಹುಟ್ಟಿ ಬೆಳೆದ ಮಗಳು ಸಂಧ್ಯಾಗೆ ದಿಗಿಲು. "ಮಮ್ಮಿ, ಛೋಡೋ ನಾ, ಬಿಟ್ಬಿಡು! ಎಲ್ಲರ ಮುಂದೆ ಇನ್ಸಲ್ಟ್ ಮಾಡಿದ್ರೆ?"

"ಮಾಡ್ಲಿ ಮಾರಾಯ್ತಿ. ಸೌಟು ನನ್ನ ಕೈಯಲ್ಲುಂಟಲ್ಲ!"

ಸಂಕ್ರಾಂತಿಯ ಬೆಳಿಗ್ಗೆ ರಮಾಮಣಿಯವರ ತಾರಸಿಯ ಮೇಲೆ ಆಗಲೇ ಗಾಳಿಪಟಗಳೆದ್ದಿವೆ. ಗಾಳಿ ಕಿವಿ ಕೊರೆಯುತ್ತದೆ. ನಾಗವೇಣಿ ಎಳ್ಳಿನ ಮೇಜಿಗೆ ಒತ್ತಿಕೊಂಡೇ ನಿಲ್ಲುತ್ತಾರೆ. ಕೆಲವರು ಎಳ್ಳು ಇಸಿದುಕೊಂಡು ತಪ್ಪಲೆಯಿಂದ ದೂರ ಸರಿದು ಹೋಗುತ್ತಾರೆ. ಸೌಟು ನಿಲ್ಲುವುದಿಲ್ಲ. ಪೇರಳೆಯ ಘಮ ನಿಧಾನವಾಗಿ ತಾರಸಿ ತುಂಬುತ್ತದೆ. ಹೊಸದಾಗಿ ಮದುವೆಯಾದ ಕೃಪಾ ಮೊದಲ ಲೋಟ ಚಾಚುತ್ತಾಳೆ.

"ಕೃಪಾ, ನೀನು ಮೊದಲು ಎಳ್ಳು ತಗೋ" ಎಂದು ರಮಾಮಣಿ ತಡೆಯುತ್ತಾರೆ.

"ಎಳ್ಳು ಆರೋದಿಲ್ಲ ಆಂಟಿ, ಇದು ಆರುತ್ತೆ."

ನಕ್ಕವರು ಅವಳ ಹಿಂದೆ ಸಾಲುಗಟ್ಟುತ್ತಾರೆ. ಎಲ್ಲರೂ ಅಲ್ಲ. ಕಡೆಗೆ ರಮಾಮಣಿಯೇ ಬರುತ್ತಾರೆ. ಮುಖ ಗಾಳಿಪಟದ ಕಡೆ, ಲೋಟ ಮಾತ್ರ ಮುಂದಕ್ಕೆ. "ಅರ್ಧ ಸಾಕು."

ನಾಗವೇಣಿ ಅಂಚಿನವರೆಗೂ ತುಂಬುತ್ತಾರೆ.

"ಅರ್ಧ ಹಾಕಿ ನನಗೆ ಅಭ್ಯಾಸ ಇಲ್ಲ."