ಯಾರೂ ಬಿಟ್ಟು ಹೋಗದ ಬಡಾವಣೆ

ನಮ್ಮಣ್ಣನದು ಮಾತು ಕಡಿಮೆ, ಬಿಗುಮಾನ ಜಾಸ್ತಿ. ಮನೆ ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಕೂಲಿಯಾಗಿ ಸೇರಿ ಮೇಸ್ತ್ರಿಯಾದವನು. ಮೀಸೆ ಚಿಗುರುವ ವಯಸ್ಸಿನಿಂದ ಊರವರ ಬೀರು, ಮಂಚ, ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಸುತ್ತಲೇ ಬಂದಿದ್ದಾನೆ. ಜೊತೆಯ ಕೆಲಸದವರು ಅವನನ್ನು ಕರೆಯುವುದು ಹಗ್ಗದಣ್ಣ ಎಂದು. ಅವನು ಕಟ್ಟಿದ ಗಂಟು ದಾರಿಯಲ್ಲಿ ಬಿಚ್ಚಿಕೊಂಡದ್ದಿಲ್ಲ. ಇವನ ಸ್ವಂತ ಮನೆಯ ಕಥೆ ಮಾತ್ರ ಬೇರೆ. ಅದನ್ನು ತಂಗಿಯಾದ ನಾನೇ ಹೇಳಬೇಕು, ಅವನಂತೂ ಬಾಯಿ ಬಿಡುವುದಿಲ್ಲ.

ಬೆಕ್ಕು ಮರಿಗಳನ್ನು ಕಚ್ಚಿಕೊಂಡು ತಿರುಗುವ ಹಾಗೆ ಅವನ ಸಂಸಾರವೂ ಮನೆಯಿಂದ ಮನೆಗೆ ತಿರುಗುತ್ತಿತ್ತು. ಬಾಡಿಗೆ ಏರಿತೆಂದು ಒಮ್ಮೆ, ಮಾಲೀಕನ ಮಗನಿಗೆ ಮದುವೆಯಾಯಿತೆಂದು ಇನ್ನೊಮ್ಮೆ. ಪ್ರತಿ ಸಲವೂ ಮಗಳಿಗೆ ಹೊಸ ಶಾಲೆ. ಆ ಹುಡುಗಿ ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಟೀಚರು ಅತ್ತಿಗೆಯನ್ನು ಕರೆಸಿ, "ಇವಳನ್ನ ಒಂದೇ ಕಡೆ ಇಟ್ಟು ಓದಿಸಿ. ಹೀಗೇ ಕಿತ್ತು ಕಿತ್ತು ನೆಡ್ತಾ ಇದ್ರೆ ಮಗು ಪೂರ್ತಿ ಮೂಕಿಯಾಗ್ಬಿಡ್ತಾಳೆ" ಎಂದಿದ್ದರು.

ಅಷ್ಟರಲ್ಲಿ ಕಂಪನಿಯವರು ಲಾರಿ ನಿಲ್ಲಿಸುವ ಜಾಗವನ್ನು ನಗರದ ಇನ್ನೊಂದು ತುದಿಗೆ ಬದಲಾಯಿಸಿದರು. ಮತ್ತೆ ಗಂಟುಮೂಟೆ ಕಟ್ಟುವುದು ಬಂತು. ಅತ್ತಿಗೆ ಕೂಗಾಡಲಿಲ್ಲ. ಒಗೆದ ಬಟ್ಟೆ ಮಡಚುತ್ತಾ ಹೇಳಿದಳು:

"ನೋಡಿ, ಮನೆ ಹೇಗಿದ್ರೂ ಸರಿ. ಸ್ಕೂಲು ನಡೆಯೋ ದೂರದಲ್ಲಿರ್ಲಿ. ಅಲ್ಲಿಂದ ಮಾತ್ರ ನಮ್ಮನ್ನ ಎಬ್ಬಿಸ್ಬೇಡಿ. ಮಗು ಅಲ್ಲೇ ಹತ್ತನೇ ಕ್ಲಾಸು ಮುಗಿಸ್ಬೇಕು."

"ಮುಗಿಸ್ತಾಳೆ. ನಾನಿದ್ದೀನಲ್ಲ" ಎಂದ ಅಣ್ಣ.

ಬೇರೆಯವರಾದರೆ ನಾಲ್ಕು ಜನರನ್ನು ವಿಚಾರಿಸುತ್ತಾರೆ. ಈ ಮಹಾರಾಯನಿಗೆ ಅದೆಲ್ಲ ಬೇಕಿಲ್ಲ. ಯಾವ ಬಡಾವಣೆಯಿಂದ ಜನ ವರ್ಷ ತುಂಬುವ ಮೊದಲೇ ಕಾಲ್ಕೀಳುತ್ತಾರೆ, ಯಾವ ಬೀದಿಯಲ್ಲಿ ಲಾರಿ ಬಂದು ನಿಂತರೂ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ಕೈಗೆಟಕುವ ಬಾಡಿಗೆಯ ಜಾಗಗಳಲ್ಲಿ ಒಂದೊಂದನ್ನೇ ತಳ್ಳಿಹಾಕುತ್ತಾ ಬಂದ. ಕೊನೆಗೆ ಉಳಿದದ್ದು ಊರಾಚೆಯ ಒಂದು ಬಡಾವಣೆ.

"ಇಷ್ಟು ವರ್ಷದಲ್ಲಿ ಅಲ್ಲಿಂದ ಮನೆ ಖಾಲಿ ಮಾಡ್ಸೋಕೆ ಒಬ್ರೂ ನಮ್ಮನ್ನ ಕರೆದಿಲ್ಲ ಕಣೇ" ಎಂದ ನನ್ನ ಹತ್ತಿರ. ನಿಧಿ ಸಿಕ್ಕಿದವನ ಹಾಗೆ ಮುಖ ಅರಳಿತ್ತು. "ಬರೀ ಇಳಿಸಿ ಬಂದಿದ್ದೀನಿ, ಏರಿಸಿದ್ದೇ ಇಲ್ಲ. ಹೋದೋರು ಬಿಟ್ಟು ಬರಲ್ಲ ಅಂದ್ರೆ ಜಾಗ ಎಂಥದ್ದಿರ್ಬೇಕು ಹೇಳು!"

"ಹೋಗಿ ನೋಡಿದ್ಯೇನೋ?"

"ನೋಡ್ದೆ ಇರ್ತೀನಾ?"

ನೋಡಿದ್ದ. ಒಂದು ಮಧ್ಯಾಹ್ನ ಹೋಗಿದ್ದ. ಅಗಲವಾದ ರಸ್ತೆ, ನೆರಳಿನ ಮರಗಳು, ಉಯ್ಯಾಲೆಯಿದ್ದ ಪಾರ್ಕು, ಮೂಲೆಯಲ್ಲೇ ಶಾಲೆ. ಕಿಟಕಿಗಳಲ್ಲಿ ಪರದೆ, ಜಗಲಿಯಲ್ಲಿ ಕುರ್ಚಿ, ಒಂದು ಗೇಟಿನ ಒಳಗೆ ಮೂರು ಗಾಲಿಯ ಸೈಕಲ್ಲು. ಜನ ಅಷ್ಟಾಗಿ ಕಾಣಲಿಲ್ಲವಂತೆ. ಹಗಲು ಹೊತ್ತು, ಕೆಲಸಕ್ಕೆ ಹೋಗಿರುತ್ತಾರೆ ಎಂದುಕೊಂಡ. ಸಾಮಾನು ಇದ್ದ ಮೇಲೆ ಜನ ಇರಲೇಬೇಕು ಎಂಬುದು ಅವನ ತರ್ಕ. ಒಡೆದ ಬಕೆಟ್ಟನ್ನೂ ಬಿಡದೆ ಲಾರಿಗೆ ಹಾಕಿಸುವವರನ್ನೇ ಜೀವಮಾನವಿಡೀ ನೋಡಿದವನಿಗೆ ಬೇರೇನು ಹೊಳೆದೀತು? ಕೂಡಿಟ್ಟಿದ್ದನ್ನೆಲ್ಲ ಮುಂಗಡವೆಂದು ಸುರಿದು ಐದು ವರ್ಷದ ಕರಾರಿಗೆ ಸಹಿ ಹಾಕಿದ. ನಡುವೆ ಬಿಟ್ಟರೆ ಮುಂಗಡ ವಾಪಸ್ಸಿಲ್ಲ ಎಂದು ಮಾಲೀಕ ಹೇಳಿದಾಗ, ಬಿಡೋರು ಯಾರು ಬಿಡಿ ಎಂದು ನಕ್ಕನಂತೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಮೂರು ಕೋಣೆಯ ಮನೆ. ಮಗಳಿಗೆಂದೇ ಒಂದು ಮಂಚ. ತರಗತಿಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟು, ಹಾಗಾಗಿ ಟೀಚರಿಗೆ ಬೇಕಾದಷ್ಟು ಪುರುಸೊತ್ತು. ಹಿಂದಿನ ಬೀದಿಯ ಹುಡುಗಿಯೊಬ್ಬಳು ಗೆಳತಿಯಾದಳು. ನಮ್ಮ ಮಗು ಶಾಲೆಯಲ್ಲೂ ಮಾತಾಡಿತು. ಆ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಾ ಅತ್ತಿಗೆ ಅತ್ತಳು, ಕೇಳುತ್ತಾ ನಾನೂ ಅತ್ತೆ.

ಒಂದು ಸೋಮವಾರ ಆ ಗೆಳತಿ ಶಾಲೆಗೆ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಅಣ್ಣ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದ. ಬಾಗಿಲಿಗೆ ಬೀಗ. ಕಿಟಕಿಯ ಸಂದಿಯಲ್ಲಿ ಇಣುಕಿದರೆ ಸೋಫಾ, ಬೀರು, ಗೋಡೆ ಗಡಿಯಾರ ಎಲ್ಲ ಇದ್ದಲ್ಲೇ ಇದ್ದವು.

"ಸಾಮಾನೆಲ್ಲ ಇಲ್ಲೇ ಇದೆಯಲ್ಲ ಪುಟ್ಟಿ, ಎಲ್ಲೋ ಹೋಗಿರ್ಬೇಕು, ಬರ್ತಾರೆ" ಎಂದ.

ಬರಲಿಲ್ಲ. ಕೊನೆಗೆ ಮೂಲೆ ಅಂಗಡಿಯ ಮುದುಕನನ್ನು ವಿಚಾರಿಸಿದ.

"ಇನ್ನೆಲ್ಲಿ ಬರ್ತಾರೆ? ಬಿಟ್ಟು ಹೋದ್ರು" ಎಂದ ಮುದುಕ. "ಇಲ್ಲಿನೋರಿಗೆಲ್ಲ ಕೆಲಸ ಕೊಟ್ಟಿದ್ದ ಕಾರ್ಖಾನೆ ಮುಚ್ಚಿದ್ರು, ಆಮೇಲೆ ಬಸ್ಸೂ ನಿಲ್ಲಿಸಿದ್ರು. ಮಕ್ಕಳಿರೋರು ಒಬ್ಬೊಬ್ಬರಾಗಿ ಹಿಂಗೇ ಹೋಗ್ತಿದ್ದಾರೆ."

"ಮತ್ತೆ ಸಾಮಾನು?"

"ಹೋಗೋ ಕಡೆ ಇಡೋಕೆ ಜಾಗ ಎಲ್ಲಿದೆ? ಕೈಯಲ್ಲಿ ಹಿಡಿಸಿದಷ್ಟು ಹಿಡ್ಕೊಂಡು ಹೋಗ್ತಾರೆ. ಬರೋವಾಗ ಲಾರಿಲೇ ಬಂದಿದ್ರು. ಕೆಲಸ ಹೋದ ಮೇಲೆ ಲಾರಿ ಯಾರು ಕರೆಸ್ತಾರೆ, ಸ್ವಾಮಿ?"

ಅಣ್ಣ ವಾಪಸ್ಸು ಬರುತ್ತಾ ದಾರಿಯುದ್ದಕ್ಕೂ ಬೀಗ ಬಿದ್ದ ಬಾಗಿಲುಗಳನ್ನು ಎಣಿಸಿದನಂತೆ. ಕೇಳಿ ನನಗೆ ಅಯ್ಯೋ ಅನ್ನಿಸುವ ಮೊದಲು ಮೈಯೆಲ್ಲ ಉರಿಯಿತು. ಆ ಮಾಲೀಕನ ಮೇಲೆ, ಹೇಳದೆ ಕೇಳದೆ ಬಸ್ಸು ನಿಲ್ಲಿಸಿದವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಈ ಜಾಣನ ಮೇಲೆ. ಲಾರಿ ಕರೆಸಲು ಗತಿಯಿಲ್ಲದವರೂ ಮನೆ ಬಿಡುತ್ತಾರೆ ಎಂಬುದು ಊರಿನಲ್ಲಿ ಯಾರಿಗೆ ಬೇಕಾದರೂ ಗೊತ್ತು. ಇವನಿಗೊಬ್ಬನಿಗೆ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಟೀಚರು ಮನೆಗೇ ಬಂದು ಹೇಳಿದರು, ಬರುವ ವರ್ಷ ಶಾಲೆ ತೆರೆಯುವುದಿಲ್ಲ. ಇನ್ನೊಂದು ಶಾಲೆ ಇರುವುದು ಹೆದ್ದಾರಿಯ ಆಚೆ, ಪುಟ್ಟ ಮಗು ಒಂಟಿಯಾಗಿ ದಾಟುವ ರಸ್ತೆಯಲ್ಲ ಅದು. ಅತ್ತಿಗೆ ಜಗಳವಾಡಲಿಲ್ಲ. ನಗರದಲ್ಲಿದ್ದ ತನ್ನ ಅಕ್ಕನಿಗೆ ಫೋನು ಮಾಡಿ, ಅವಳ ಮಕ್ಕಳು ಓದುವ ಶಾಲೆಯಲ್ಲೇ ಮಗಳಿಗೂ ಸೀಟು ಕೇಳಿದಳು.

ಹೊರಡುವ ದಿನ ನಾನೂ ಅಲ್ಲಿದ್ದೆ. ಅಣ್ಣ ಹಗ್ಗ ತೆಗೆದುಕೊಂಡು ಬಂದು, ಯಾರ ಮುಖವನ್ನೂ ನೋಡದೆ, ಮಗಳ ಮಂಚದ ನಟ್ಟು ಬಿಚ್ಚತೊಡಗಿದ.

"ಬಿಡಿ" ಎಂದಳು ಅತ್ತಿಗೆ. "ಅಕ್ಕನ ಮನೇಲಿ ಮಂಚ ಹಾಕೋಕೆ ಜಾಗ ಇಲ್ಲ. ನಿಮಗೂ ಇಲ್ಲ."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ತಾಯಿ ಮಗಳು ಒಂದೊಂದು ಬ್ಯಾಗು ಹಿಡಿದು ಹೊರಟರು. ಹೆದ್ದಾರಿಯವರೆಗೂ ಆ ಬ್ಯಾಗುಗಳನ್ನು ಅವನೇ ಹೊತ್ತ.

ಈಗ ಆ ಮೂರು ಕೋಣೆಗೆ ಅವನೊಬ್ಬನೇ. ಕರಾರು ಇನ್ನೂ ಮುಗಿದಿಲ್ಲ, ಬೇರೆ ಮನೆಗೆ ಮುಂಗಡ ಕೊಡಲು ಕೈಯಲ್ಲಿ ಕಾಸಿಲ್ಲ. ಭಾನುವಾರ ಹೆದ್ದಾರಿಯವರೆಗೆ ನಡೆದು, ಬಸ್ಸು ಹಿಡಿದು ಮಗಳನ್ನು ನೋಡಲು ಬರುತ್ತಾನೆ. ಅವಳು ಹೊಸ ಶಾಲೆಯಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದಾಳೆ, ಮಾತಿಗೆ ಮಾತು ಕೊಡುತ್ತಾಳಂತೆ.

ಕಳೆದ ಭಾನುವಾರ ನಾನೂ ಹೋಗಿದ್ದೆ. ಅಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದ, ಕೈ ತೊಳೆಯಲು ಬಚ್ಚಲಿಗೆ ಹೋಗಬಹುದೇ ಎಂದು ಅತ್ತಿಗೆಯ ಅಕ್ಕನನ್ನು ಕೇಳಿದ. ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. ಬೀದಿಯಲ್ಲಿ ಗೆಳತಿಯರು ಕಾಯುತ್ತಿದ್ದರು.

"ಹೋಗಿ ಬಾ ಅಪ್ಪ. ಆಗಾಗ ಬರ್ತಾ ಇರು" ಎಂದಳು.

ಅವಳ ತಪ್ಪೇನಿಲ್ಲ. ಮನೆಗೆ ಬಂದು ಹೋಗುವವರಿಗೆ ಹಾಗೆ ಹೇಳಬೇಕೆಂದು ನಾವೇ ಕಲಿಸಿದ್ದು.

"ಬರ್ತೀನಮ್ಮ" ಎಂದ ಅಣ್ಣ, ಚಪ್ಪಲಿ ಹುಡುಕುತ್ತಾ.